ಐವತ್ತೆಂಟು ಬಡಿತದ ಬೀಳ್ಕೊಡುಗೆ

ಮನುಷ್ಯ ತನ್ನ ದೋಷವನ್ನು ಮುಚ್ಚಿಟ್ಟುಕೊಂಡು ಬದುಕುವುದು ಅಂಥ ಕಷ್ಟದ ಕೆಲಸವೇನಲ್ಲ. ನೀವೂ ಮಾಡುತ್ತಿದ್ದೀರಿ, ನಾನೂ ಮಾಡುತ್ತಿದ್ದೇನೆ. ಕಷ್ಟ ಬರುವುದು ನಮ್ಮ ದೋಷವನ್ನೇ ಜನ ದೊಡ್ಡ ಗುಣವೆಂದು ತಿಳಿದು, ಕರೆದು, ಕೂರಿಸಿ, ಕೊರಳಿಗೆ ಹಾರ ಹಾಕಿದಾಗ. ಆಗ ಎದ್ದು ನಿಂತು ನಿಜ ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನಗಂತೂ ಇರಲಿಲ್ಲ. ನಂಜನಗೂಡು ಮತ್ತು ತಿ. ನರಸೀಪುರ, ಈ ಎರಡು ತಾಲ್ಲೂಕಿನ ಸರ್ಕಾರಿ ನೌಕರರ ನಡುವೆ ನನಗೆ ಹೃದಯವಂತ ಎಂಬ ಹೆಸರಿದೆ. ಯಾರಾದರೂ ನಿವೃತ್ತರಾದರೆ ಬೀಳ್ಕೊಡುಗೆ ಸಮಾರಂಭದಲ್ಲಿ ನಾಲ್ಕು ಮಾತಾಡಲು ನನ್ನನ್ನು ಕರೆಯುತ್ತಾರೆ. ಮಹದೇವ ಮೇಷ್ಟ್ರು ಮಾತಾಡಿದರೆ ಎಂಥವರ ಕರುಳೂ ಚುರ್ ಎನ್ನುತ್ತದೆ ಎಂದು ಹೇಳುತ್ತಾರೆ. ಈ ಹೆಸರನ್ನು ಸಂಪಾದಿಸಿಕೊಟ್ಟದ್ದು ನನ್ನ ಹೃದಯವಲ್ಲ, ನನ್ನ ಮೂಗು. ಅದಕ್ಕೆ ಕೈಜೋಡಿಸಿದ್ದು ನನ್ನ ಹೆದರಿಕೆ.

ನನ್ನ ಮೂಗು ಹೊರಗಿನಿಂದ ನೋಡಿದರೆ ಸಾಧುವಾಗಿದೆ. ಒಳಗೆ ಮಾತ್ರ ನಡುಗೋಡೆ ಬಲಕ್ಕೆ ವಾಲಿಕೊಂಡು, ಆ ಹೊಳ್ಳೆಯನ್ನು ಪೂರ್ತಿ ಆಕ್ರಮಿಸಿ ಕೂತಿತ್ತು. ಎಡದ ಹೊಳ್ಳೆಯಲ್ಲಿ ಏನೋ ಸಣ್ಣ ದುರ್ಮಾಂಸ ಬೆಳೆದು ಅಲ್ಲಿಯೂ ಸಂಚಾರ ಅಷ್ಟಕ್ಕಷ್ಟೆ. ಸುಮಾರು ಮೂವತ್ತು ವರ್ಷ ನಾನು ಬಾಯಲ್ಲೇ ಉಸಿರಾಡಿಕೊಂಡು, ಬಾಯಲ್ಲೇ ಪಾಠ ಮಾಡಿಕೊಂಡು, ಎರಡೂ ಕೆಲಸವನ್ನು ಒಂದೇ ಅಂಗಕ್ಕೆ ವಹಿಸಿ ಕಾಲ ತಳ್ಳಿದ್ದೆ. ನಾನು ಹದಿನಾರು ಎಂಬ ಊರಿನ ಆಚೆಗಿರುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಗಣಿತಕ್ಕೆ ಮೂಗು ಬೇಕಾಗುವುದಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಮಂಜುಳಾ, ಒಲೆಯ ಮೇಲೆ ಹಾಲು ಉಕ್ಕಿ ಸೀದು ಹೊಗೆಯೆದ್ದರೂ ಪಕ್ಕದಲ್ಲೇ ಕೂತು ಪೇಪರು ಓದುತ್ತಿರುತ್ತೀರಿ ಎಂದು ಆಗಾಗ ಅನ್ನುತ್ತಾಳೆ. ಮೂಗಿರುವವರಿಗೆ ಇಂಥ ನೆಮ್ಮದಿಯ ಓದು ಸಾಧ್ಯವೇ ಎಂದು ನಾನು ಕೇಳುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ, ಹಾಲಿನ ಪಾತ್ರೆ ಉಜ್ಜುವುದು ನನ್ನ ಪಾಲಿಗೆ ಬರುತ್ತದೆ.

ಈ ಮೂಗು ವೇದಿಕೆ ಹತ್ತಿದ ಕಥೆ ಹೀಗೆ. ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಯ ಹೆಡ್‌ಮಾಸ್ಟರು ನಿವೃತ್ತರಾದಾಗ, ಹೊಸಬ ಎಂಬ ಒಂದೇ ಕಾರಣಕ್ಕೆ ನನಗೆ ವಂದನಾರ್ಪಣೆ ವಹಿಸಿದರು. ಮೂವತ್ತು ಮಕ್ಕಳ ಮುಂದೆ ಪೈಥಾಗೊರಸ್ ಪ್ರಮೇಯ ಸಾಧಿಸುವ ನನಗೆ ಮೂವತ್ತು ದೊಡ್ಡವರ ಮುಂದೆ ನಿಂತರೆ ಮಂಡಿ ನಿಲ್ಲುವುದಿಲ್ಲ. ಎದೆ ನಗಾರಿ ಹೊಡೆದ ಹಾಗೆ ಹೊಡೆದುಕೊಳ್ಳುತ್ತದೆ. ಕೈಯಲ್ಲಿದ್ದ ಹೆಸರುಗಳ ಚೀಟಿ ಅಂದು ಗಾಳಿಗೆ ಸಿಕ್ಕಿದಂತೆ ಪಟಪಟ ಬಡಿದುಕೊಳ್ಳುತ್ತಿತ್ತು. ಹೆದರಿಕೆಗೆ ಅಳಿದುಳಿದ ಮೂಗೂ ಕಟ್ಟಿ, ಕಣ್ಣಲ್ಲಿ ನೀರು ತುಂಬಿ, 'ನಮ್ಮೆಲ್ಲರ ಪ್ರೀತಿಯ' ಎಂದವನಿಗೆ ಮುಂದಿನ ಪದ ಗಂಟಲಿನಿಂದ ಹೊರಗೆ ಬರಲಿಲ್ಲ. ಕರ್ಚೀಪು ತೆಗೆದು ಮೂಗು ಸೀಟಿಕೊಂಡೆ. ಸಭೆಯಲ್ಲಿ ಯಾರೋ ಮುಸುಮುಸು ಅತ್ತರು. ಹೆಡ್‌ಮಾಸ್ಟರ ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡರು. ಕೊನೆಗೆ ಸ್ವತಃ ಹೆಡ್‌ಮಾಸ್ಟರು ಎದ್ದು ಬಂದು ನನ್ನನ್ನು ತಬ್ಬಿಕೊಂಡು, 'ನನ್ನ ಮೇಲೆ ನಿಮಗೆ ಇಷ್ಟು ಅಭಿಮಾನ ಇದೆ ಅಂತ ಗೊತ್ತೇ ಇರಲಿಲ್ಲ ಮಹದೇವ' ಎಂದರು. ನನಗೂ ಗೊತ್ತಿರಲಿಲ್ಲ. ಬಸ್ಸು ಐದು ನಿಮಿಷ ತಡವಾದದ್ದಕ್ಕೆ ನನ್ನಿಂದ ಅರ್ಧ ದಿನದ ರಜೆ ಬರೆಸಿಕೊಂಡ ಮನುಷ್ಯ ಅವರು.

ಅಲ್ಲಿಂದ ಶುರುವಾಯಿತು ನೋಡಿ. ಸರ್ಕಾರಿ ನೌಕರರೆಲ್ಲ ತಿಂಗಳ ಕಡೆಯ ದಿನವೇ ನಿವೃತ್ತರಾಗುವುದರಿಂದ ನನ್ನ ಪ್ರತಿ ತಿಂಗಳ ಕೊನೆಯೂ ಯಾವುದಾದರೂ ಗುರುಭವನದಲ್ಲೋ ಸಮುದಾಯ ಭವನದಲ್ಲೋ ನಡುಗುತ್ತ ಕಳೆಯುತ್ತಿತ್ತು. ಶಿಕ್ಷಕರಾಯಿತು, ಪಶು ಆಸ್ಪತ್ರೆಯ ಅಟೆಂಡರ್ ಆಯಿತು, ನೀರಾವರಿ ಇಲಾಖೆಯಲ್ಲಿ ಕಾಲುವೆಗೆ ನೀರು ಬಿಡುವ ಸೌಡಿಯಾಯಿತು. ಒಬ್ಬ ಪೋಸ್ಟ್ ಮಾಸ್ಟರನ್ನು ನಾನು ಜೀವನದಲ್ಲಿ ಒಂದೇ ಸಲ ನೋಡಿದ್ದು, ಆಗಲೂ ಅವರು ನನ್ನ ಪಾರ್ಸಲ್ಲಿಗೆ ದಾರ ಸರಿಯಾಗಿ ಕಟ್ಟಿಲ್ಲ ಎಂದು ವಾಪಸು ಕಳಿಸಿದ್ದರು. ಅವರಿಗೂ ಗದ್ಗದಿತನಾದೆ. ಅವರ ಹೆಸರನ್ನೂ ತಪ್ಪು ಹೇಳಿದೆ. ದುಃಖದಲ್ಲಿ ಹಾಗಾಯಿತು ಎಂದು ಜನ ಇನ್ನಷ್ಟು ಮರುಗಿದರು. ಪ್ರತಿ ಸಲವೂ ನಿಜ ಹೇಳಬೇಕೆಂದು ಬಾಯಿ ತೆರೆಯುವ ಹೊತ್ತಿಗೆ ಯಾರಾದರೂ ಬಂದು ಶಾಲು ಹೊದಿಸಿಬಿಡುತ್ತಿದ್ದರು. ಶಾಲು ಹೊದ್ದವನು ನಿಜ ಹೇಳುವುದು ಬಹಳ ಕಡಿಮೆ.

ಇಷ್ಟೆಲ್ಲವನ್ನೂ ಮೊದಲ ಸಾಲಿನಲ್ಲಿ ಕೂತು ನೋಡುತ್ತ ಬಂದವನು ಸಿದ್ದರಾಜು. ನಮ್ಮ ಶಾಲೆಯ ದೈಹಿಕ ಶಿಕ್ಷಕ, ನನಗಿಂತ ಎರಡು ವರ್ಷ ದೊಡ್ಡವನು, ನರಸೀಪುರದವನು. ಆ ಕಡೆಯಿಂದ ಅವನು, ನಂಜನಗೂಡಿನ ಕಡೆಯಿಂದ ನಾನು, ಇಬ್ಬರೂ ಹದಿನೆಂಟು ವರ್ಷ ಒಂದೇ ಶಾಲೆಗೆ ಬಂದು ಒಂದೇ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದವರು. ಅವನ ಬುತ್ತಿಯ ಹುರುಳಿಕಾಳು ಹುಳಿ ಅರ್ಧ ನನಗೆ, ನನ್ನ ಚಿತ್ರಾನ್ನ ಅರ್ಧ ಅವನಿಗೆ. ಇದನ್ನು ನಾವು ಯಾವತ್ತೂ ಮಾತಾಡಿಕೊಂಡು ಮಾಡಿದ್ದಲ್ಲ. ಸ್ನೇಹ ಎಂಬ ಪದವನ್ನೂ ನಮ್ಮಲ್ಲಿ ಯಾರೂ ಬಳಸಿದ್ದು ನೆನಪಿಲ್ಲ. ಸಂಜೆ ನನ್ನನ್ನು ಬೈಕಿನಲ್ಲಿ ಬಸ್ ಸ್ಟಾಪಿನ ತನಕ ಬಿಡುತ್ತಿದ್ದ, ದಾರಿಯುದ್ದಕ್ಕೂ ಬೈಯುತ್ತಿದ್ದ. ಪ್ರತಿ ಬೀಳ್ಕೊಡುಗೆ ಮುಗಿದಾಗಲೂ ಅವನದು ಒಂದೇ ಮಾತು. 'ಲೇ ಮಾದೇವ, ಊರೋರ್‍ಗೆಲ್ಲ ಅಳ್ತೀಯ. ನಂದೂ ಒಂದಿನ ಬತ್ತದೆ ಕಣ್ಲಾ. ಅವತ್ತು ನೀನು ಅಳೋದ್ ನೋಡ್ಬೇಕು ನಾನು.' ನಾನು ಆಗಲಿ ಎನ್ನುತ್ತಿದ್ದೆ. ಅದಕ್ಕೆ ನಾನು ಪ್ರತ್ಯೇಕ ಪ್ರಯತ್ನ ಮಾಡಬೇಕಾಗಿರಲಿಲ್ಲವಲ್ಲ.

ಹಾಗಿರುವಾಗ ಈ ವರ್ಷ ನನ್ನ ಗೊರಕೆ ಮೇರೆ ಮೀರಿತು. ನಡುನಡುವೆ ಉಸಿರೇ ನಿಂತಂತಾಗುತ್ತದೆ, ಆಗ ತಾನು ಎದ್ದು ಕೂತು ಕಾಯಬೇಕಾಗುತ್ತದೆ ಎಂದು ಮಂಜುಳಾ ಹಟ ಹಿಡಿದು ಮೈಸೂರಿಗೆ ಕರೆದುಕೊಂಡು ಹೋದಳು. ಕಿವಿ ಮೂಗು ಗಂಟಲಿನ ಡಾಕ್ಟರಮ್ಮ ಒಳಗೆ ದುರ್ಬೀನಿನ ಕೊಳವೆ ತೂರಿಸಿ, ನನ್ನ ಮೂಗಿನ ಒಳಭಾಗವನ್ನು ಟಿವಿಯ ಮೇಲೆ ನನಗೇ ತೋರಿಸಿದರು. ಇಷ್ಟು ದಿನ ಹೇಗೆ ಬದುಕಿದ್ದೀರಿ ಎಂದು ಕೇಳಿದರು. ಬಾಯಿಂದ ಎಂದೆ. ಆಪರೇಷನ್ನಿಗೆ ದಿನ ಗೊತ್ತಾಯಿತು. ಆಮೇಲೆ ನಾಡಿ ನೋಡಿದವರು ಹುಬ್ಬು ಗಂಟಿಕ್ಕಿ, ತೊಂಬತ್ತಾರು ಇದೆಯಲ್ಲ, ಹೆದರಿದ್ದೀರಾ ಎಂದರು. ಇದು ನನ್ನ ಮಾಮೂಲಿ ಎಂದೆ.

ಆಗ ಅವರು ಬರೆದುಕೊಟ್ಟದ್ದೇ ಆ ಮಾತ್ರೆ. ಬೀಟಾ ಬ್ಲಾಕರ್ ಎಂದರು. ಫಿಸಿಷಿಯನ್ನರ ಹತ್ತಿರ ಕಳಿಸಿ ಇಸಿಜಿ ಮಾಡಿಸಿದರು, ಉಬ್ಬಸ ಇದೆಯೇ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಮೂರು ಸಲ ಕೇಳಿದರು, ಇದ್ದರೆ ಈ ಮಾತ್ರೆ ಕೊಡುವ ಹಾಗಿಲ್ಲವಂತೆ. ಎಲ್ಲ ಸರಿಯಿದೆ ಎಂದಾದ ಮೇಲೆ, ಆಪರೇಷನ್ನಿಗೆ ಒಂದು ವಾರ ಮೊದಲಿನಿಂದ ದಿನಾ ಬೆಳಿಗ್ಗೆ ಒಂದು, ನಡುವೆ ತಪ್ಪಿಸಬಾರದು ಎಂದರು. ಮೂಗಿನ ಕಾಯಿಲೆಗೆ ಎದೆಯ ಮಾತ್ರೆ ಯಾಕೆ ಎಂದು ಕೇಳಿದೆ. ಮೂಗಿನೊಳಗೆ ಜಾಗ ಕಡಿಮೆ, ರಕ್ತನಾಳ ಜಾಸ್ತಿ, ಅರಿವಳಿಕೆ ಕೊಟ್ಟ ಮೇಲೂ ಹೃದಯ ಜೋರಾಗಿ ಹೊಡೆದುಕೊಂಡರೆ ರಕ್ತ ಒಸರಿ ದುರ್ಬೀನಿನ ಕಣ್ಣೇ ಮುಚ್ಚಿಹೋಗುತ್ತದೆ, ಪಕ್ಕದಲ್ಲೇ ಕಣ್ಣಿದೆ, ಮೇಲೆ ಮೆದುಳಿದೆ, ಕಾಣದೆ ಕೈಯಾಡಿಸುವ ಹಾಗಿಲ್ಲ, ಅದಕ್ಕೆ ನಾಡಿ ಅರವತ್ತರ ಆಸುಪಾಸಿಗೆ ಇಳಿಯಬೇಕು ಎಂದು ವಿವರಿಸಿದರು. ನನಗೆ ತಕ್ಷಣ ಅರ್ಥವಾಯಿತು. ನಮ್ಮ ಕಡೆ ಗದ್ದೆಯ ಕಾಲುವೆ ಒಡೆದರೆ ಮೊದಲು ಮೇಲೆ ಹೋಗಿ ತೂಬು ಇಳಿಸಿ ಬರುತ್ತಾರೆ, ಆಮೇಲೆ ಮಣ್ಣು ಹಾಕುತ್ತಾರೆ. ಇದನ್ನು ಹೇಳಿದಾಗ ಡಾಕ್ಟರಮ್ಮ ನಕ್ಕು, ಅಷ್ಟೇ ಕಣ್ರೀ, ಆದರೆ ತೂಬನ್ನು ನೀವೇ ಮುಟ್ಟಬೇಡಿ, ನಾನು ಹೇಳಿದಾಗ ಹಾಕಿ, ಹೇಳಿದಾಗ ನಿಲ್ಲಿಸಿ ಎಂದರು.

ನಂಜನಗೂಡಿನ ಮೆಡಿಕಲ್ ಸ್ಟೋರಿನವನು ಚೀಟಿ ನೋಡಿ, 'ಯಾರ್‍ಗೆ ಸಾ ಇದು? ಆರ್ಟಿಂದು ಕಣ್ ಸಾ' ಎಂದು ಇಡೀ ಬೀದಿಗೆ ಕೇಳುವಂತೆ ಕೇಳಿದ. ಮೂಗಿಗೆ ಎಂದೆ. ಅವನು ನನ್ನ ಮುಖವನ್ನೂ ಮೂಗನ್ನೂ ಒಂದು ಸಲ ನೋಡಿ, ಹೆಚ್ಚು ಮಾತಾಡದೆ ಕೊಟ್ಟ. ನಾನು ವಿಧೇಯ ರೋಗಿ. ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆ ನುಂಗಿ, ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡಿಕೊಂಡು ನಾಡಿ ಎಣಿಸುತ್ತಿದ್ದೆ. ಗಣಿತದ ಮೇಷ್ಟ್ರಿಗೆ ಎಣಿಕೆ ಸಿಕ್ಕರೆ ಹಬ್ಬ. ತೊಂಬತ್ತಾರು ಎಂಬತ್ತಾಯಿತು, ಎಪ್ಪತ್ತಾಯಿತು, ಅರವತ್ತರ ಹತ್ತಿರ ಬಂತು. ಎದೆಯೊಳಗೆ ಇಷ್ಟು ಪ್ರಶಾಂತತೆ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ಬಸ್ಸು ನಿಲ್ಲಿಸದೆ ಹೋಯಿತು, ಮುಂದಿನದು ಬರುತ್ತದೆ ಎಂದು ನಿಂತೆ. ಒಂಬತ್ತನೇ ತರಗತಿಯ ಇಡೀ ಬಿ ವಿಭಾಗ ಬೀಜಗಣಿತದಲ್ಲಿ ಸೊನ್ನೆ ತೆಗೆದಾಗಲೂ ಶಾಂತವಾಗಿ ಸೊನ್ನೆಗಳನ್ನು ದುಂಡಗೆ ಬರೆದೆ. ಮಂಜುಳಾ ಮಾತ್ರ ಎರಡು ದಿನ ನೋಡಿ, 'ಏನ್ರೀ, ಕರೆಂಟ್ ಹೋದ್ರೂ ಬೈತಿಲ್ಲ, ಬಂದ್ರೂ ಖುಷಿ ಪಡ್ತಿಲ್ಲ. ಮೂಗು ಸರಿಯಾಗೋ ಹೊತ್ತಿಗೆ ಮನುಷ್ಯ ಸರಿಯಾಗಿ ಉಳೀತೀರೋ ಇಲ್ವೋ' ಎಂದಳು.

ಈ ವಾರದ ನಡುವೆಯೇ ತಿಂಗಳ ಕಡೆಯ ದಿನ ಬಂತು. ಸಿದ್ದರಾಜುವಿನ ದಿನ. ನರಸೀಪುರದಲ್ಲೇ ಸಮಾರಂಭ ಇಟ್ಟುಕೊಂಡಿದ್ದರು. ಅವನು ಕಾರ್ಯಕ್ರಮ ಪಟ್ಟಿಯನ್ನು ತಾನೇ ಕೂತು ತಿದ್ದಿ, ನನ್ನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಹಾಕಿಸಿದ್ದ, ಯಾಕೆಂದರೆ ನನ್ನ ನಂತರ ಮಾತಾಡುವವರ ಮಾತು ಅಳುವಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬುದು ಅವನ ಅನುಭವ. ವಿಡಿಯೋದವನನ್ನು ಕರೆದು, 'ನಮ್ ಮಾದೇವ ಮಾತಾಡುವಾಗ ಕ್ಯಾಮ್ರಾನ ಮುಖದತ್ರಕ್ಕೇ ತಕ್ಕೊಂಡೋಗು' ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಅವನ ಹೆಂಡತಿ ಜಯಮ್ಮನವರು ಮೊದಲ ಸಾಲಿನಲ್ಲಿ ಕೂತು, ಮಗಳಿಗೊಂದು ತನಗೊಂದು ಕರ್ಚೀಪು ಮಡಿಸಿ ತೊಡೆಯ ಮೇಲೆ ಸಿದ್ಧವಾಗಿಟ್ಟುಕೊಂಡಿದ್ದರು. ಸಿದ್ದರಾಜು ಮೈಸೂರು ಪೇಟ ತೊಟ್ಟು, ಹಾರದ ಭಾರಕ್ಕೆ ಕತ್ತು ಬಗ್ಗಿಸಿ, ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಜೀವಮಾನವೆಲ್ಲ ನಿಂತೇ ಕೆಲಸ ಮಾಡಿದವನು, ಆ ಕುರ್ಚಿಯಲ್ಲಿ ಅವನಿಗೆ ಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ನನ್ನ ಹೆಸರು ಕೂಗಿದರು. ಎದ್ದು ಮೈಕಿನ ಮುಂದೆ ನಿಂತೆ. ಮಂಡಿ ನಡುಗಲಿ ಎಂದು ಒಂದು ಕ್ಷಣ ಕಾದೆ. ನಡುಗಲಿಲ್ಲ. ಕೈಯಲ್ಲಿದ್ದ ಚೀಟಿ ಗೋಡೆಗೆ ಅಂಟಿಸಿದ ಸುತ್ತೋಲೆಯಂತೆ ಅಲುಗದೆ ನಿಂತಿತು. ಮೊದಲ ಬಾರಿಗೆ ನನಗೆ ಸಭೆ ಕಾಣಿಸಿತು. ಮೂರನೇ ಸಾಲಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು, ಬಲಗಡೆಯ ಫ್ಯಾನು ತಿರುಗುತ್ತಿರಲಿಲ್ಲ, ಬ್ಯಾನರಿನಲ್ಲಿ ನಿವೃತ್ತಿಯ ಒತ್ತು ಬಿಟ್ಟುಹೋಗಿತ್ತು. ಇಷ್ಟು ವರ್ಷ ಇದೆಲ್ಲ ಹೀಗೇ ಇರುತ್ತಿತ್ತೇ ಎಂದು ಆಶ್ಚರ್ಯವಾಯಿತು. ಆಮೇಲೆ ನಾನು ಮಾತಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದೆ ಎಂದರೆ, ಸಿದ್ದರಾಜು ಸೇವೆಗೆ ಸೇರಿದ್ದು, ವರ್ಗವಾಗಿ ಬಂದದ್ದು, ಹೆಣ್ಣುಮಕ್ಕಳ ಖೊಖೊ ತಂಡ ಕಟ್ಟಿದ್ದು, ಮಳೆಗಾಲದಲ್ಲೂ ಬೆಳಿಗ್ಗೆ ಬೇಗ ಬಂದು ಮೈದಾನಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದದ್ದು, ಎಲ್ಲವನ್ನೂ ಒಂದಾದ ಮೇಲೊಂದು, ತಪ್ಪಿಲ್ಲದೆ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಹೇಳಿದೆ. ಅವನ ಸೇವಾ ಪುಸ್ತಕವೇ ಎದ್ದು ನಿಂತು ಮಾತಾಡಿದ್ದರೂ ಹಾಗೇ ಮಾತಾಡುತ್ತಿತ್ತು. ಶಾಮಿಯಾನದವರಿಗೂ ಮೈಕಿನವರಿಗೂ ವಂದನೆ ಹೇಳಿ ಬಂದು ಕೂತೆ.

ಚಪ್ಪಾಳೆ ಬಿತ್ತು. ಮೇಲಧಿಕಾರಿಗಳು ಬಂದು ಹೋದಾಗ ಬೀಳುವಂಥ ಚಪ್ಪಾಳೆ. ವಿಡಿಯೋದವನು ಕ್ಯಾಮೆರಾ ಇಳಿಸಿ ಸಿದ್ದರಾಜುವಿನ ಕಡೆ ನೋಡಿದ, ಇನ್ನೇನಾದರೂ ಇದೆಯೇ ಎನ್ನುವ ಹಾಗೆ. ಜಯಮ್ಮನವರು ಮಡಿಸಿದ್ದ ಕರ್ಚೀಪನ್ನು ಇನ್ನೊಂದು ಸಲ ಮಡಿಸಿ ಬ್ಯಾಗಿನೊಳಗೆ ಇಟ್ಟರು. ಸಿದ್ದರಾಜು ಪೇಟದ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದ. ಆ ನೋಟಕ್ಕೆ ನಾನು ಕಳವಳಗೊಳ್ಳಬೇಕಾಗಿತ್ತು. ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಅದು ತನ್ನ ಪಾಡಿಗೆ ತಾನು, ನಿಮಿಷಕ್ಕೆ ಅರವತ್ತರಂತೆ, ಬೇರೆ ಯಾರದೋ ಕೆಲಸ ಮಾಡುತ್ತಿತ್ತು.

ಊಟದ ಸಾಲಿನಲ್ಲಿ ಸಿದ್ದರಾಜು ನನ್ನ ಪಕ್ಕದಲ್ಲೇ ಕೂತ. ಪಾಯಸ ಬಡಿಸಿದರು. ಆಮೇಲೆ ಎಲೆಯ ಕಡೆ ನೋಡಿಕೊಂಡೇ, 'ಚೆನ್ನಾಗಿ ಮಾತಾಡಿದ್ರಿ ಮೇಷ್ಟ್ರೇ' ಎಂದ. ಹದಿನೆಂಟು ವರ್ಷದಲ್ಲಿ ಅವನು ನನಗೆ ಬಹುವಚನ ಹಾಕಿದ್ದು ಅದೇ ಮೊದಲು. ಕೈ ತೊಳೆಯುವ ನಲ್ಲಿಯ ಹತ್ತಿರ ಮಾತ್ರ ಅವನಿಗೆ ತಡೆದುಕೊಳ್ಳಲಾಗಲಿಲ್ಲ. 'ಆ ಪೋಸ್ಟ್ ಮಾಸ್ಟ್ರು ಎಸ್ರೂ ಸರ್‍ಯಾಗಿ ಗೊತ್ತಿರ್ನಿಲ್ಲ ನಿಂಗೆ. ಅವನ್ಗೂ ಅತ್ತೆ. ನಂಗೊಬ್ಬನ್ಗೆ ಅಳ್ನಿಲ್ವಲ್ಲಾ' ಎಂದು ಪೇಟ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ನನ್ನನ್ನು ಬಸ್ ಸ್ಟಾಪಿಗೆ ಬಿಡಲಿಲ್ಲ. ಬಿಸಿಲಲ್ಲಿ ನಡೆದುಕೊಂಡು ಹೋದೆ.

ಮಾರನೆಯ ದಿನ ಭಾನುವಾರ. ಮಾತ್ರೆಯ ಪಟ್ಟಿಯನ್ನೂ ಡಾಕ್ಟರಮ್ಮನ ಚೀಟಿಯನ್ನೂ ಜೇಬಿಗಿಟ್ಟುಕೊಂಡು ನರಸೀಪುರಕ್ಕೆ ಹೋದೆ. ಸಾಕ್ಷ್ಯಾಧಾರ ಸಮೇತ ಹೋದರೆ ಅವನು ಒಪ್ಪುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಸಿದ್ದರಾಜು ಜಗಲಿಯ ಮೇಲೆ ಕೂತು, ಇನ್ನು ಮೇಲೆ ಕೆಲಸವಿಲ್ಲದ ತನ್ನ ವಿಷಲನ್ನು ಒರೆಸುತ್ತಿದ್ದ. ಜಯಮ್ಮನವರು ಬನ್ನಿ ಎಂದು ಕಾಫಿ ಕೊಟ್ಟು ಬಾಗಿಲ ಹತ್ತಿರವೇ ನಿಂತರು. ನಾನು ಮಾತ್ರೆಯನ್ನು ತೋರಿಸಿ, ನಾಡಿ, ರಕ್ತ, ದುರ್ಬೀನು, ತೂಬು ಎಲ್ಲವನ್ನೂ ವಿವರಿಸಿದೆ. ಈ ಮಾತ್ರೆ ನುಂಗಿದವನಿಗೆ ಎದೆ ಹೊಡೆದುಕೊಳ್ಳುವುದಿಲ್ಲ, ಕೈ ನಡುಗುವುದಿಲ್ಲ, ಅದಕ್ಕೇ ನಿನ್ನೆ ಹಾಗಾಯಿತು ಎಂದೆ.

'ಮೂಗ್ ಕುಯ್ಯಕ್ಕೆ ಆರ್ಟಿನ್ ಮಾತ್ರೆ ಯಾರ್‍ಲಾ ಕೊಟ್ಟಾರು?' ಎಂದ. ಚೀಟಿ ತೋರಿಸಿದೆ. ಚೀಟಿಯನ್ನು ಮಾರು ದೂರ ಹಿಡಿದು ಓದಿದ. ಓದಿ, ನಾನು ನಿರೀಕ್ಷಿಸದಿದ್ದ ಕಡೆಯಿಂದ ಬಂದ.

'ಕೈ ನಡುಗದೇ ಇದ್ರೆ ಅಳೂ ಬರಕ್ಕಿಲ್ವಾ?'

ಈಗ ಹೇಳದೆ ದಾರಿಯಿರಲಿಲ್ಲ. ಅದು ಅಳುವಲ್ಲ ಕಣಯ್ಯ, ಸಭೆ ಕಂಡರೆ ಹೆದರಿಕೆ, ಹೆದರಿದರೆ ನನಗೆ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಎಂದೆ. ಸಿದ್ದರಾಜು ವಿಷಲು ಕೆಳಗಿಟ್ಟ.

'ಎಡ್ ಮಾಸ್ಟ್ರಿಗೆ ಅತ್ತಿದ್ದು?'

'ಹೆದರಿಕೆ.'

'ಪೋಸ್ಟ್ ಮಾಸ್ಟ್ರಿಗೆ?'

'ಹೆದರಿಕೆ.'

'ನಮ್ಮಣ್ಣ ರಿಟೈರ್ ಆದಾಗ?'

ಅವನ ಅಣ್ಣ ಬನ್ನೂರಿನಲ್ಲಿ ಗ್ರಾಮ ಲೆಕ್ಕಿಗರಾಗಿದ್ದವರು. ನಿವೃತ್ತಿಯಾದ ಮರುವರ್ಷವೇ ತೀರಿಕೊಂಡರು. ಬೀಳ್ಕೊಡುಗೆಯಲ್ಲಿ ನಾನು ಮಾತಾಡಿದ ವಿಡಿಯೋವನ್ನು ಅವರ ಹೆಂಡತಿ ವರ್ಷಕ್ಕೊಮ್ಮೆ, ತಿಥಿಯ ದಿನ, ಹಾಕಿಸಿಕೊಂಡು ನೋಡುತ್ತಾರೆಂದು ಸಿದ್ದರಾಜುವೇ ನನಗೆ ಹೇಳಿದ್ದ. ನಾನು ಬಾಯಿ ತೆರೆದೆ. 'ಬ್ಯಾಡ, ಯೋಳ್ಬ್ಯಾಡ' ಎಂದು ಕೈ ಅಡ್ಡ ಹಿಡಿದ. ಜಯಮ್ಮನವರು ಬಾಗಿಲಿನಿಂದ ಒಳಗೆ ಹೋದರು. ಒಂದು ಭಾಷಣವನ್ನು ಉಳಿಸಿಕೊಳ್ಳಲು ಹೋಗಿ ಹತ್ತಾರು ಭಾಷಣಗಳನ್ನು ನಾನೇ ಹಾಳುಮಾಡಿ ಕೂತಿದ್ದೆ. 'ಹಂಗಾದ್ರೆ ನಿಂಗೆ ಯಾರ್ ಮ್ಯಾಲೂ ಏನೂ ಇಲ್ಲ, ಅಲ್ವಾ?' ಎಂದು ಸಿದ್ದರಾಜು ಕೇಳಿದ. ಕೋಪದಿಂದ ಕೇಳಿದ್ದರೆ ಉತ್ತರ ಕೊಡಬಹುದಾಗಿತ್ತು. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ. ನಾನು ಒಳಗೆ ಹುಡುಕಿದೆ. ಒಳಗೆಲ್ಲ ನುಣುಪಾಗಿತ್ತು, ಕೈಗೆ ಏನೂ ತಗಲಲಿಲ್ಲ. ನನಗೆ ದುಃಖವಾಗಬೇಕು ಎಂಬುದು ಗೊತ್ತಿತ್ತು, ಆಗುತ್ತಿದೆಯೋ ಇಲ್ಲವೋ ಎಂಬುದು ಗೊತ್ತಾಗಲಿಲ್ಲ. ಆಪರೇಷನ್ ಬುಧವಾರ ಎಂದಷ್ಟೇ ಹೇಳಿ ಎದ್ದು ಬಂದೆ. ಅವನು ಹೂಂ ಎಂದ.

ಬಸ್ಸಿನಲ್ಲಿ ಕೂತು ಡಾಕ್ಟರಮ್ಮನಿಗೆ ಫೋನು ಮಾಡಿ, ಈ ಮಾತ್ರೆಯಿಂದ ಪ್ರೀತಿ ವಿಶ್ವಾಸ ಏನಾದರೂ ಕಡಿಮೆಯಾಗುತ್ತದೆಯೇ ಎಂದು ಕೇಳಿದೆ. ಅವರು ಪ್ರಶ್ನೆಯನ್ನು ಇನ್ನೊಂದು ಸಲ ಹೇಳಿಸಿದರು. ಆಮೇಲೆ ಅವರು, ಕೆಲವರಿಗೆ ಸುಸ್ತಾಗಬಹುದು, ಕೈಕಾಲು ತಣ್ಣಗಾಗಬಹುದು, ನೀವು ಕೇಳಿದ್ದು ಪಟ್ಟಿಯಲ್ಲಿಲ್ಲ, ಮಾತ್ರೆ ಬಿಡಬೇಡಿ ಎಂದರು. ಪಟ್ಟಿಯಲ್ಲಿಲ್ಲ ಎಂದರೆ ಅದು ನನ್ನ ಸ್ವಂತದ್ದು ಎಂದಾಯಿತು. ಮುಂದಿನ ಮೂರು ದಿನವೂ ಮಾತ್ರೆ ನುಂಗಿದೆ, ನಾಡಿ ಎಣಿಸಿದೆ. ಎಣಿಸುವುದರಲ್ಲಿ ಮೊದಲಿನ ಸುಖ ಇರಲಿಲ್ಲ.

ಬುಧವಾರ ಬೆಳಿಗ್ಗೆ ನರ್ಸಿಂಗ್ ಹೋಮಿನಲ್ಲಿ ನನಗೆ ಹಸಿರು ನಿಲುವಂಗಿ ತೊಡಿಸಿ, ಆಪರೇಷನ್ ಕೊಠಡಿಯ ಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸಿದರು. ತಲೆಯ ಪಕ್ಕದ ಯಂತ್ರದಲ್ಲಿ ನನ್ನ ನಾಡಿ ಅಂಕಿಯಾಗಿ ಮೂಡಿತು, ಐವತ್ತೆಂಟು. ಅರಿವಳಿಕೆಯ ಡಾಕ್ಟರು ಬಂದು ನೋಡಿ, ಬಹಳ ಚೆನ್ನಾಗಿದೆ, ಇಂಥ ನಾಡಿ ಇದ್ದರೆ ನಮಗೂ ಕೆಲಸ ಸಲೀಸು ಎಂದರು. ಮಂಜುಳಾ ಫಾರಂಗಳಿಗೆ ಸಹಿ ಹಾಕಲು ಆಚೆ ಹೋಗಿದ್ದಳು. ಆಗ ಬಾಗಿಲು ತಳ್ಳಿಕೊಂಡು ಸಿದ್ದರಾಜು ಬಂದ. ನರಸೀಪುರದಿಂದ ಮೊದಲ ಬಸ್ಸಿಗೆ ಬಂದಿದ್ದ. ತಲೆಗೆ ನೀರು ಮುಟ್ಟಿಸಿ ಬಾಚಿದ್ದ, ಹೊಸ ಶರಟು ಹಾಕಿದ್ದ.

'ನಿನ್ ಮ್ಯಾಲಿನ್ ಸಿಟ್ಟು ಓಗಿಲ್ಲ. ಜಯ ಓಗ್ ಬಾ ಅಂದ್ಲು, ಬಂದೆ' ಎಂದ. ನಾನು ಬಾ ಎಂದೆ. ಅವನು ಯಂತ್ರವನ್ನು ನೋಡಿದ. ಸ್ಟಾಪ್‌ವಾಚು ಹಿಡಿದೇ ಬದುಕಿದವನಿಗೆ ಓಡುವ ಅಂಕಿ ಕಂಡರೆ ಕಣ್ಣು ಅಲ್ಲೇ. ಐವತ್ತೆಂಟು ಅರವತ್ತಮೂರಾಯಿತು. ಅರವತ್ತೊಂಬತ್ತಾಯಿತು. ಎಪ್ಪತ್ತಾರಾಯಿತು. ಯಂತ್ರ ಕುಂಯ್ ಎಂದಿತು. ನರ್ಸಮ್ಮ ಓಡಿಬಂದು, 'ಯಾರ್ ಸಾರ್ ನೀವು? ಇಷ್ಟೊತ್ತೂ ಐವತ್ತೆಂಟೇ ಇತ್ತು, ನೀವ್ ಬಂದ್ಮೇಲೆ ಹಿಂಗಾಯ್ತು. ಆಚೆ ಇರಿ' ಎಂದರು.

ಸಿದ್ದರಾಜು ಕದಲಲಿಲ್ಲ. 'ಇವತ್ತು ಮಾತ್ರೆ ತಕ್ಕೊಂಡಿದ್ದೀಯೇನ್ಲಾ?' ಎಂದು ಕೇಳಿದ.

'ಆರು ಗಂಟೆಗೇ ತಗೊಂಡೆ.'

'ತಕ್ಕೊಂಡೂ ಎಪ್ಪತ್ತಾರು!' ಎಂದ. ಅವನ ಹೆಣ್ಣುಮಕ್ಕಳ ತಂಡ ಗೆದ್ದಾಗ ಅವನ ಮುಖ ಹೇಗಾಗುತ್ತಿತ್ತೋ ಹಾಗಾಯಿತು. ನನ್ನ ಕಾಲನ್ನು ಹೊದಿಕೆಯ ಮೇಲಿನಿಂದಲೇ ಒಂದು ಸಲ ಹಿಸುಕಿ, ನರ್ಸಮ್ಮನಿಗೆ ಕೈ ಮುಗಿದು, ಎದೆ ಸೆಟೆಸಿಕೊಂಡು ಆಚೆ ಹೋದ. ನನಗೆ ಮಾತ್ರ ನಿಜ ಗೊತ್ತಿತ್ತು. ಅವನು ಬಂದ ಹೊತ್ತಿಗೇ ನರ್ಸಮ್ಮ ಕತ್ತರಿ, ಚಿಮುಟ, ಉದ್ದನೆಯ ಸೂಜಿಗಳ ಟ್ರೇ ತಂದು ನನ್ನ ತಲೆಯ ಪಕ್ಕ ಇಟ್ಟಿದ್ದರು. ನನ್ನ ಎದೆ ಹಾರಿದ್ದು ಅದನ್ನು ಕಂಡು. ಮತ್ತೆ ಹೆದರಿಕೆಯೇ. ಎಚ್ಚರವಾದ ಮೇಲೆ, ಹೇಳಿಬಿಡೋಣ ಎಂದುಕೊಂಡೆ, ಹೋದ ಸಲ ಹೇಳಿ ಆದ ಅನಾಹುತ ನೆನಪಾಯಿತು. ಸುಮ್ಮನಾದೆ. ಡಾಕ್ಟರು ನಾಡಿ ಇಳಿಯುವವರೆಗೆ ಕಾದು, ಆಮೇಲೆ ಅರಿವಳಿಕೆ ಕೊಟ್ಟಿದ್ದರು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ರಕ್ತ ತೀರಾ ಕಡಿಮೆ ಹೋಯಿತು, ಒಳಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು ಎಂದು ಡಾಕ್ಟರಮ್ಮ ಸಂತೋಷಪಟ್ಟರು. ಡಾಕ್ಟರಮ್ಮ ಹೇಳಿದ ದಿನ ಮಾತ್ರೆಯೂ ನಿಂತಿತು. ಇತ್ತ ಸಿದ್ದರಾಜು ಕೈಗೆ ಸಿಕ್ಕ ಬಿಡುವನ್ನೆಲ್ಲ ಈ ಸುದ್ದಿ ಹಂಚುವುದಕ್ಕೆ ಬಳಸಿಕೊಂಡಿದ್ದ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಂತು. ಹದಿನಾರಿನ ಟೀ ಅಂಗಡಿಯಲ್ಲಿ ಕೇಳಿದರು. ಎದೆ ಬಡಿತ ಕಟ್ಟಿಹಾಕುವ ಮಾತ್ರೆ ನುಂಗಿ ಮಲಗಿದ್ದ ಮಹದೇವ ಮೇಷ್ಟ್ರ ನಾಡಿ ಸಿದ್ದರಾಜು ಮೇಷ್ಟ್ರನ್ನು ಕಂಡದ್ದೇ ಹದಿನೆಂಟು ಏರಿತಂತೆ, ಯಂತ್ರವೇ ಕೂಗಿಕೊಂಡಿತಂತೆ. ಜಯಮ್ಮನ ಕೈಯ ಹುರುಳಿಕಾಳು ಹುಳಿ ಡಬ್ಬಿಯಲ್ಲಿ ನಮ್ಮ ಮನೆಗೆ ಬಂತು. ನಾನು ಎಲ್ಲರ ಮುಂದೆಯೂ ಮುಗುಳ್ನಗುತ್ತಿದ್ದೆ. ಮೂಗು ರಿಪೇರಿಯಾದರೂ ನನ್ನ ಬದುಕು ಹಳೆಯ ಸುಳ್ಳಿನ ಮೇಲೆಯೇ ನಡೆಯುತ್ತಿದೆಯಲ್ಲ ಎಂದು ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಹೋದ ವಾರ ಕೊನೆಯ ತಪಾಸಣೆಗೆ ಮೈಸೂರಿಗೆ ಹೋದೆ. ಡಾಕ್ಟರಮ್ಮ ಒಳಗೆಲ್ಲ ನೋಡಿ, ಎರಡೂ ಹೊಳ್ಳೆ ಪೂರ್ತಿ ತೆರೆದಿವೆ, ಗಾಯ ವಾಸಿಯಾಗಿದೆ, ಇನ್ನು ಬರಬೇಕಾಗಿಲ್ಲ ಎಂದರು. ಹೊರಗೆ ಬರುವಾಗ ಅದೇ ನರ್ಸಮ್ಮ ಸಿಕ್ಕರು. ಯಾರಿಗಾದರೂ ಒಬ್ಬರಿಗೆ ಹೇಳಿ ಹಗುರಾಗೋಣ ಎನ್ನಿಸಿ, ಆ ದಿನ ನಾಡಿ ಏರಿದ್ದು ನನ್ನ ಸ್ನೇಹಿತನಿಂದಲ್ಲ ಸಿಸ್ಟರ್, ನಿಮ್ಮ ಕತ್ತರಿ ಟ್ರೇ ನೋಡಿ ಹೆದರಿದ್ದು, ಪಾಪ ಅವನಿಗೆ ನೀವು ಸುಮ್ಮನೆ ಗದರಿದಿರಿ ಎಂದೆ.

ನರ್ಸಮ್ಮ ನಕ್ಕರು. 'ಟ್ರೇ ಅವ್ರು ಬರೋಕೆ ಕಾಲು ಗಂಟೆ ಮುಂಚೇನೇ ಇಟ್ಟಿದ್ದೆ ಸಾರ್. ಅರಿವಳಿಕೆ ಆದ್ಮೇಲೆ ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಎಲ್ಲರ್‍ಗೂ ಕಲಸಿಹೋಗುತ್ತೆ. ನೀವು ಒಂದೊಂದೇ ಸಾಮಾನು ತೋರಿಸಿ ಇದ್ಯಾತಕ್ಕೆ ಅದ್ಯಾತಕ್ಕೆ ಅಂತ ಕೇಳಿದ್ರಿ. ಇಷ್ಟು ಸಣ್ಣ ಕತ್ತರಿ ಎಲ್ಲಿ ಸಿಗುತ್ತೆ, ನಮ್ಮನೆಯವಳಿಗೆ ಬೇಕು ಅಂತಾನೂ ಕೇಳಿದ್ರಿ. ಅಷ್ಟು ಹೊತ್ತೂ ಐವತ್ತೆಂಟು ಬಿಟ್ಟು ಕದಲಿರ್ಲಿಲ್ಲ' ಎಂದು ಹೇಳಿ, ಇನ್ನೊಬ್ಬ ರೋಗಿಯ ಕಡೆ ಹೋದರು.

ನಾನು ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಕೂತೆ. ಸಿದ್ದರಾಜುವಿಗೆ ಫೋನು ಮಾಡಿದೆ. ಮಾಡಿದ ಮೇಲೆ ಹೇಳುವುದೇನು ಎಂದು ಯೋಚನೆಯಾಯಿತು; ನನಗೆ ಈಗ ತಿಳಿದದ್ದನ್ನು ಅವನು ಒಂದು ತಿಂಗಳಿನಿಂದ ಎರಡು ತಾಲ್ಲೂಕಿಗೂ ಹೇಳಿಕೊಂಡು ಬರುತ್ತಿದ್ದಾನೆ.

'ಏನ್ಲಾ?' ಎಂದ.

ಏನಿಲ್ಲ, ಸುಮ್ಮನೆ ಮಾಡಿದೆ ಎನ್ನಲು ಹೋದೆ. ಏನಿಲ್ಲ ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು, ಮುಂದಿನ ಮಾತು ಬರಲಿಲ್ಲ. ಎದುರಿಗೆ ಸಭೆಯಿರಲಿಲ್ಲ, ಮೈಕಿರಲಿಲ್ಲ, ಖಾಲಿ ಮೆಟ್ಟಿಲಿತ್ತು.

'ಯಾಕ್ಲಾ, ಮೂಗಿನ್ನೂ ಕಟ್ಕಂಡದಾ?' ಎಂದು ಸಿದ್ದರಾಜು ಕೇಳಿದ.

ಹೌದು, ಇನ್ನೂ ಸ್ವಲ್ಪ ಕಟ್ಟಿದೆ ಎಂದು ಹೇಳಿ ಫೋನು ಇಟ್ಟೆ.